ಒಪ್ಪೋಲೆ

ಒಂಬತ್ತು ಹಾಡು, ಒಂಬತ್ತು ಹಾಳೆ,
ಎರಡರ ಮೇಲೆ ಕಾಫಿ ಲೋಟದ ಗುರುತು.
ಬಲ್ಮಠದ ನಮ್ಮ ಪ್ರೆಸ್ಸಿನ ಮೇಜಿಗೆ ತಂದಿಟ್ಟು
ಎಮಿಲ್ಡಾ ಕಾಸ್ತೆಲಿನೊ ಹೇಳಿದರು:
ಆಲ್ಬಮ್ಮಿನ ಜೊತೆಗೊಂದು ಪುಸ್ತಿಕೆ, ಮುನ್ನೂರು ಪ್ರತಿ ಸಾಕು,
ಅಕ್ಷರ ಸ್ವಲ್ಪ ದೊಡ್ಡದಿರಲಿ, ಅಮ್ಮನೂ ಓದಬೇಕು.

ಜಾಝ್ ಎಂದರು. ತಲೆಯಾಡಿಸಿದೆ.
ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು:
ಮದುವೆ ಕಾಗದ, ಸೊಸೈಟಿಯ ವರದಿ,
ತೀರಿಕೊಂಡವರ ಹನ್ನೊಂದನೇ ದಿನದ ಪತ್ರ.
ನನಗೆ ಎಲ್ಲ ಒಂದೇ, ಒತ್ತು, ದೀರ್ಘ, ಕೊಂಬು.

ಕೆಂಪು ಪೆನ್ನು ಹಿಡಿದು ಕೂತೆ.
ಮೊದಲನೆಯದು ಬೆಂಗ್ರೆ ದೋಣಿಯ ಟಿಕೇಟು,
ಅದರ ಬೆನ್ನಿಗೆ ಯಾರೋ ಬರೆದ ಫೋನ್ ನಂಬರು, ಒಂದು ಅಂಕಿ ಕಡಿಮೆ.
ಎರಡರಲ್ಲಿ ಕಾದಂಬರಿಯಿಂದ ಎದ್ದು ಬಂದ ಹೆಂಗಸು
ಕಂಕನಾಡಿ ಮಾರ್ಕೆಟ್ಟಿನಲ್ಲಿ ಬಂಗುಡೆ ಚೌಕಾಸಿ ಮಾಡುತ್ತಾ
ತನ್ನ ಕೊನೆಯ ಅಧ್ಯಾಯ ಮರೆಯುತ್ತಾಳೆ.
ನಕ್ಕೆ. ಗುರುತು ಹಾಕಲಿಲ್ಲ.
ಮೂರರಲ್ಲಿ 'ಅಕ್ಕ ಹೋದಳು, ಹೋದಳು ಅಕ್ಕ, ಹೋ'
ಪುನರುಕ್ತಿ ಎಂದು ಬರೆದೆ.
ನಾಲ್ಕರ ಅಲ್ಪವಿರಾಮಗಳು, ಬಟ್ಟಲ ಸುತ್ತ
ಮೀನಿನ ಮುಳ್ಳು ಬಿದ್ದ ಹಾಗೆ. ಹದಿನೇಳು ತೆಗೆದೆ.
ಐದರಲ್ಲಿ ಏಳನೇ ಸಾಲು:
'ಭರಣಿಯ ಬಾಯಿಗೆ ಬಿಗಿದ ಬಟ್ಟೆಯ ಹಾಗೆ ಅವನ'
ಅಷ್ಟೆ. ಷಷ್ಠೀ ವಿಭಕ್ತಿ ಕೈ ಚಾಚಿ ನಿಂತಿದೆ,
ಕೊಡುವವರಿಲ್ಲ. ಅಂಚಿನಲ್ಲಿ ಕೇಳಿದೆ: ಅವನ ಏನು?

ಅವರಿಗೆ ಸಿಟ್ಟು ಬರಲಿಲ್ಲ.
"ಸೇಸಪ್ಪರೇ, ಬುಧವಾರ ಪುರುಸೊತ್ತುಂಟಾ?
ಜೆಪ್ಪಿಗೆ ಬನ್ನಿ ಒಮ್ಮೆ."

ಮುಚ್ಚಿದ ಹಂಚಿನ ಕಾರ್ಖಾನೆಯ ಗೋದಾಮು.
ಗೋಡೆಗೆ ಹಾಸಿಗೆ ಒರಗಿಸಿದ್ದಾರೆ, ಫ್ಯಾನು ಆರಿಸಿದ್ದಾರೆ,
ಕೆಮ್ಮು ಬರುವುದಿದ್ದರೆ ಈಗಲೇ ಕೆಮ್ಮಿ, ಎಂದ ಒಬ್ಬ ಹುಡುಗ.
ಡ್ರಮ್ಮಿನವನ ಕೈಯಲ್ಲಿ ಕೋಲಿಲ್ಲ, ಸಣ್ಣ ಹಿಡಿಸೂಡಿಯಂಥದ್ದು,
ಅಂಗಳ ಗುಡಿಸುವ ಹಾಗೆ ತಾಳ ಗುಡಿಸುತ್ತಾನೆ.
ಚಪ್ಪಲಿ ಬಿಟ್ಟು ಪಿಯಾನೊಗೆ ಕೂತರು ಎಮಿಲ್ಡಾ.

ತಾಳ ಬಿತ್ತು. ಮಾತು ಬರಲಿಲ್ಲ.
ಬಿದ್ದಾದ ಮೇಲೆ, ಒಂದು ಎವೆಯಷ್ಟು ತಡವಾಗಿ, ಬಂತು.
ನನಗೆ ಗೊತ್ತಿತ್ತು ಅದು.
ನಮ್ಮಪ್ಪನ ಎಡಗಾಲಿನ ಗಂಟು ಮಡಿಸುತ್ತಿರಲಿಲ್ಲ.
ಮಗ್ಗದ ಗುಂಡಿಯಲ್ಲಿ ಬಲದ ಮೆಟ್ಟು ಟಕ್ಕೆಂದರೆ
ಎಡದ್ದು ಯೋಚಿಸಿ ಟಕ್ಕೆನ್ನುತ್ತಿತ್ತು,
ಆ ಸಂದಿನಲ್ಲಿ ಲಾಳಿ ಓಡಿ ದಾಟುತ್ತಿತ್ತು.
ಸೀರೆ ಉಟ್ಟವರು ಯಾರೂ
ಇದು ಕುಂಟ ನೇಯ್ದದ್ದು ಎನ್ನಲಿಲ್ಲ.

ಹದಿನೇಳು ಅಲ್ಪವಿರಾಮ, ಹದಿನೇಳು ಉಸಿರು.
ಮೂರನೇ ಹಾಡಿನ 'ಹೋ' ಮುಗಿಯುವುದರೊಳಗೆ
ಹೊರಗೆ ಲಾರಿಯೊಂದು ರಿವರ್ಸ್ ತೆಗೆಯಿತು.
ಮತ್ತೆ ಮೊದಲಿಂದ. ಅಕ್ಕ ಎರಡು ಸಲ ಹೋದಳು.

ಆಮೇಲೆ ಐದನೆಯದು.
ಭರಣಿಯ ಬಾಯಿಗೆ ಬಿಗಿದ ಬಟ್ಟೆಯ ಹಾಗೆ ಅವನ
ಎಂದು ನಿಲ್ಲಿಸಿ, ಬಲಗೈಯ ಕಿರುಬೆರಳು
ಒಂದು ಕರಿ ಮನೆಯನ್ನು ಒತ್ತಿತು.
ಸ್ವರವಿಲ್ಲ. ಮರಕ್ಕೆ ಮರ ತಾಗಿದ ಸದ್ದು.
ಉಪ್ಪುಗಾಳಿ ತಿಂದ ಮನೆಯಂತೆ, ಹತ್ತು ವರ್ಷವಾಯಿತಂತೆ,
ರಿಪೇರಿಯವನು ಬಂದಾಗ ಅದೊಂದು ಇರಲಿ ಎಂದರಂತೆ.

"ಗೊತ್ತಾಯ್ತಾ, ಏನು ಅಂತ?"
ಹೌದೆಂದೆನೋ ಇಲ್ಲವೋ ನೆನಪಿಲ್ಲ.
ಬಸ್ಸು ಬಿಟ್ಟುಕೊಟ್ಟು ಮೋರ್ಗನ್ಸ್ ಗೇಟಿನವರೆಗೆ ನಡೆದೆ,
ನಾಲಗೆಯಲ್ಲಿ ಆ ಮರದ ಸದ್ದು ಮಾಡಲು ನೋಡುತ್ತಾ.

ಅಷ್ಟರಲ್ಲಿ ಪ್ರೆಸ್ಸಿನ ಹೊಸ ಹುಡುಗ, ಎಂ.ಎ. ಓದಿದವನು,
ನನ್ನ ಪ್ರಶ್ನೆಗೆ ಉತ್ತರ ತಾನೇ ತುಂಬಿ
ಮುನ್ನೂರೂ ಹೊಡೆದು ಮಡಚಿಟ್ಟಿದ್ದ.
ಬಯ್ಯಲಿಲ್ಲ. ಕೇಳಿದವನು ನಾನೇ ತಾನೆ.

ಉಳಿದ ಕಾಗದದ ಅಂಚು ಕತ್ತರಿಸಿ
ಎರಡು ಬೆರಳಗಲದ ಚೀಟಿ ಮಾಡಿ, ಮೈದಾ ಅಂಟು ಕಾಯಿಸಿ,
ರಾತ್ರಿ ಹನ್ನೊಂದರವರೆಗೆ ಒಂದೊಂದಾಗಿ ಹಚ್ಚಿದೆ:

ಪುಟ ಹನ್ನೊಂದು, ಸಾಲು ಏಳು.
ತಪ್ಪು: ಅವನ ಮೌನ
ಒಪ್ಪು: ಅವನ